ವೈಪರ್ ಆಡುತ್ತಲೇ ಇತ್ತು

ಸಾಹೇಬರ ಬಲಗೈ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿದ್ದುದು ಕಾಯಿಲೆಯಿಂದ. ನಾವೆಲ್ಲ ಅದನ್ನು ಜಪ ಅಂದುಕೊಂಡಿದ್ದೆವು. ಆದದ್ದು ಇಷ್ಟೇ. ಆಮೇಲೆ ಜನ ಏನೇನೋ ಸೇರಿಸಿದರು. ದೇವರು ಸೂಚನೆ ಕೊಟ್ಟ, ಪಕ್ಕದ ಮನೆ ಅಜ್ಜಿಗೆ, ಅಂದರೆ ನನಗೆ, ಮೊದಲೇ ತಿಳಿದಿತ್ತು ಎಂದೆಲ್ಲ. ಸುಳ್ಳು. ಯಾರಿಗೂ ಏನೂ ತಿಳಿದಿರಲಿಲ್ಲ.

ದಪ್ಪ ಹೆಬ್ಬೆರಳು ಅದು. ಉಗುರಿನ ನಡುವೆ ಉದ್ದಕ್ಕೆ ಒಂದು ಸೀಳು. ಚಿಕ್ಕವರಿದ್ದಾಗ ಅವರಪ್ಪನ ಲಾರಿಯ ಬಾಗಿಲಿಗೆ ಸಿಕ್ಕಿ ಆದದ್ದಂತೆ. ಐದು ಹೊತ್ತು ನಮಾಜು ಮಾಡುವ ಮನುಷ್ಯ. ನಮಾಜಾದ ಮೇಲಿನ ಜಪಕ್ಕೆ ಮಣಿಸರ ಹಿಡಿಯುತ್ತಿರಲಿಲ್ಲ, ಬೆರಳಿನ ಗೆಣ್ಣುಗಳ ಮೇಲೆಯೇ ಹೆಬ್ಬೆರಳಿಟ್ಟು ಎಣಿಸಿಕೊಳ್ಳುತ್ತಿದ್ದರು. ಹಾಗಾಗಿ ಸೋಫಾದ ಮೇಲೆ ಕುಳಿತು ಎತ್ತಲೋ ನೋಡುತ್ತಾ ಬೆರಳು ಆಡಿಸುತ್ತಿದ್ದರೆ ಅವರ ಹೆಂಡತಿ ಟೀವಿಯ ಸದ್ದು ತಗ್ಗಿಸುತ್ತಿದ್ದರು. ನಾನೂ ಬಾಯಿ ಮುಚ್ಚುತ್ತಿದ್ದೆ. ದೇವರ ಹೆಸರು ಹೇಳುವವರನ್ನು ಯಾರು ನಡುವೆ ಮಾತಾಡಿಸುತ್ತಾರೆ?

ಅವರು ತೀರಿಕೊಂಡು ಒಂದು ಚಳಿಗಾಲ ಕಳೆಯಿತು. ಇಲ್ಲೇ ಅಮೆರಿಕದಲ್ಲಿ, ಡರ್ಹಮ್‌ನ ಆಸ್ಪತ್ರೆಯಲ್ಲಿ ತಲೆಯೊಳಗಿನ ಗಂಟು ತೆಗೆದರು, ಅದು ಮತ್ತೆ ಬೆಳೆಯಿತು. ನಡುವೆ ಸಿಕ್ಕ ಕಾಲದಲ್ಲಿ ಮೊಮ್ಮಗಳನ್ನು ಎತ್ತಿಕೊಂಡರು, ಅವಳಿಗೆ ಹಲ್ಲು ಬಂದದ್ದು ನೋಡಿದರು. ನಾನು ಬರೆಯಬೇಕೆಂದಿರುವುದು ಆ ಗಂಟಿಗೆ ಇನ್ನೂ ಹೆಸರಿಲ್ಲದಿದ್ದ ದಿನಗಳ ಮಾತು.

ಡರ್ಹಮ್‌ಗೆ ಹತ್ತಿರದ ಕ್ಯಾರಿ ಎಂಬ ಊರಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಮೈಸೂರಿನವರು. ನಾನು ಮಂಡ್ಯದ ಕಡೆಯವಳು, ಮಗಳ ಮನೆಯಲ್ಲಿ ಬಂದು ಕೂತವಳು. ಮಗಳು ಅಳಿಯ ಕೆಲಸಕ್ಕೆ, ಮೊಮ್ಮಗಳು ಸ್ಕೂಲಿಗೆ ಹೋದರೆ ಆ ಬೀದಿಯಲ್ಲಿ ನಾಯಿ ಕೂಡ ಬೊಗಳುವುದಿಲ್ಲ. ಸಾಹೇಬರ ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಬೆಳಗ್ಗೆ ಹೋದರೆ ಸಾಯಂಕಾಲವೇ ಬರುವುದು. ಸಾಹೇಬರು ಮಾತ್ರ ಮನೆಯಲ್ಲಿರುತ್ತಿದ್ದರು. ಅವರ ಕಂಪ್ಯೂಟರ್ ಕಂಪನಿ ಒಂದಷ್ಟು ಜನರನ್ನು ತೆಗೆದಾಗ ಇವರನ್ನೂ ತೆಗೆದಿತ್ತು. ಇನ್ನೊಂದು ಕೆಲಸ ಹುಡುಕಲು ಹೋಗಲಿಲ್ಲ.

ಮೊದಲ ದಿನ ಬೇಲಿಯ ಹತ್ತಿರ ನಾನು ಅವರನ್ನು ಏನೆಂದು ಕರೆಯುವುದೋ ತಿಳಿಯದೆ ನಿಂತಿದ್ದೆ. "ಅಂಕಲ್ ಆಂಟಿ ಎಲ್ಲ ಮಕ್ಕಳಿಗಿರಲಿ ಬಿಡಿ. ನೀವು ನನಗೆ ಅಕ್ಕ" ಅಂದರು. ಮೈಸೂರಿನಲ್ಲಿ ಕೇಳಿದ ಹಾಗೇ ಇತ್ತು ಆ ಮಾತು. ನಾನು ಸಾಹೇಬ್ರೇ ಅಂದೆ. ಅದೇ ಉಳಿಯಿತು.

ಆ ಊರಲ್ಲಿ ಕಾರು ಓಡಿಸಲು ಬಾರದವರು ಕಾಲಿಲ್ಲದವರ ಲೆಕ್ಕ. ನನ್ನ ಕಾಲು ಸಾಹೇಬರಾಗಿದ್ದರು. ತರಕಾರಿ ಅಂಗಡಿಗೆ, ಹಲ್ಲಿನ ಡಾಕ್ಟರ ಹತ್ತಿರ, ಎಲ್ಲಿಗೂ ಅವರೇ. ನನ್ನ ಕಣ್ಣಿನ ಪೊರೆ ತೆಗೆಸಿದಾಗಲೂ ಕರೆದುಕೊಂಡು ಹೋದದ್ದು ಅವರು, ಹೊರಗೆ ಕಾದದ್ದು ಅವರು, ಮಾರನೆಯ ದಿನ ಪಟ್ಟಿ ಬಿಚ್ಚಿಸಲು ಕರೆದೊಯ್ದದ್ದೂ ಅವರೇ.

"ಮೊದಲು ಏನು ಕಾಣ್ತು ಅಕ್ಕ?"

"ನಿಮ್ಮ ಗಡ್ಡದಲ್ಲಿ ಅನ್ನದ ಅಗಳು."

ಆ ಹೊತ್ತು ಅವರು ನಕ್ಕ ನಗುವಿಗೆ ನರ್ಸಮ್ಮ ಬಂದು ಬಾಗಿಲು ಹಾಕಿಕೊಂಡು ಹೋದಳು.

ರಂಜಾನಿನಲ್ಲಿ ಅವರ ಮನೆಯಲ್ಲಿ ಜನವೋ ಜನ. ಇಡೀ ದಿನ ಉಪವಾಸವಿದ್ದ ಮನುಷ್ಯ ಖರ್ಜೂರ ಬಾಯಿಗೆ ಹಾಕಿಕೊಂಡು ಎದ್ದರೆ ಎಲ್ಲರ ತಟ್ಟೆಗೂ ಬಿರಿಯಾನಿ ಬಡಿಸುತ್ತಾ ಓಡಾಡುತ್ತಿದ್ದರು. ನಮ್ಮದು ಮಾಂಸ ತಿನ್ನುವ ಮನೆಯೇ, ನಾನು ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದೆ. ಒಂದು ಸಲ ಎಲ್ಲರೂ ಹೋದ ಮೇಲೆ ನೋಡಿದರೆ ಪಾತ್ರೆಯ ತಳದಲ್ಲಿ ಲವಂಗದ ಎಲೆ ಬಿಟ್ಟರೆ ಏನೂ ಇಲ್ಲ. ಸಾಹೇಬರು ಮೊಸರಿಗೆ ಬ್ರೆಡ್ಡು ಅದ್ದಿಕೊಂಡು ತಿನ್ನುತ್ತಿದ್ದರು. "ಎಲ್ಲ ಬಡಿಸಿಬಿಡೋದು, ಆಮೇಲೆ ಹೀಗೆ ಕೂರೋದು. ಮದುವೆ ಆದಾಗಿನಿಂದ ಇದೇ" ಎಂದು ಹೆಂಡತಿ ಬೈದರು. ಅದು ಅವರ ಸ್ವಭಾವ. ಈ ಮಾತು ಮುಂದೆ ಬೇಕಾಗುತ್ತದೆ, ಅದಕ್ಕೇ ಹೇಳಿದೆ.

ಇನ್ನೊಂದು ಮಾತು ಅವರದು. ಒಮ್ಮೆ ನನ್ನ ಸಾರು ಕೆಟ್ಟಿತ್ತು, ನಾನು ಉಪ್ಪು ಹುಳಿ ಬೆಲ್ಲ ಒಟ್ಟಿಗೇ ಸುರಿಯುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದವರು ಕೈ ಅಡ್ಡ ಹಿಡಿದರು. "ಒಂದು ಸಲಕ್ಕೆ ಒಂದೇ ಬದಲಾಯಿಸ್ಬೇಕು ಅಕ್ಕ. ಇಲ್ಲದಿದ್ರೆ ಯಾವುದರಿಂದ ಸರಿಹೋಯ್ತು, ಯಾವುದರಿಂದ ಕೆಟ್ಟಿತು ಗೊತ್ತೇ ಆಗಲ್ಲ." ನಾನು ಅಡುಗೆಮನೆಯಿಂದ ಆಚೆ ಕಳಿಸಿದೆ. ಆದರೆ ಮಾತು ನೆನಪಿನಲ್ಲಿ ಉಳಿಯಿತು.

ಸಾಹೇಬರ ಮಗಳು ಅಟ್ಲಾಂಟಾದಲ್ಲಿದ್ದಳು, ತುಂಬಿದ ಬಸುರಿ. ಬಾಣಂತನಕ್ಕೆ ನನ್ನನ್ನೂ ಕರೆದಿದ್ದರು; ಮಗುವಿಗೆ ಎರೆಯುವುದು ಅವರ ಹೆಂಡತಿಗೆ ಭಯ, ನನಗೆ ಅಭ್ಯಾಸ. ಬರುವ ಶನಿವಾರ ಬೆಳಗ್ಗೆ ಹೊರಡುವುದು, ಸಾಹೇಬರು ಓಡಿಸುವುದು, ನಡುವೆ ಎಲ್ಲಾದರೂ ನಿಂತು ಊಟ ಎಂದು ಮಾತಾಗಿತ್ತು. ಹೆಂಡತಿ ಲ್ಯಾಬಿಗೆ ಹೋಗಿ ಬರುವಷ್ಟು ಓಡಿಸುತ್ತಿದ್ದರು, ದೂರದ ಹೈವೇ ಅಂದರೆ ಕೈ ಬೆವರುತ್ತಿತ್ತು.

ಆ ವಾರವೇ ಸಾಹೇಬರು ನನ್ನನ್ನು ಮೇಲಿನ ಕೋಣೆಗೆ ಕರೆದದ್ದು.

ಅಲ್ಲಿ ಮೇಜಿನ ಕೆಳಗೆ ಒಂದು ಕಪ್ಪು ಪೆಟ್ಟಿಗೆ, ಮೇಲೆ ಅಗಲವಾದ ಪರದೆ, ಮೇಜಿಗೆ ಬಿಗಿದ ಒಂದು ಸ್ಟಿಯರಿಂಗು. ಕಾರಿನಲ್ಲಿರುವ ಹಾಗೇ. ಅವರು ಆ ಕಂಪ್ಯೂಟರಿನಲ್ಲಿ ಟ್ರಕ್ ಓಡಿಸುವ ಆಟ ಆಡುತ್ತಿದ್ದರು. ಅವರಪ್ಪ ಮೈಸೂರಿನಿಂದ ಊಟಿಗೆ ಲಾರಿ ಓಡಿಸುತ್ತಿದ್ದರಲ್ಲ, ಅದರ ಆಸೆ ಎಂದುಕೊಂಡೆ. ಒಂದು ಪೆಟ್ಟಿಗೆಯೊಳಗೆ ಎರಡು ಕಂಪ್ಯೂಟರ್ ಇದೆ ಎಂದು ಬಿಡಿಸಿ ಹೇಳಿದರು. ಹೊರಗಿನದು ಅವರ ಕೆಲಸದ್ದು. ಅದರ ಹೊಟ್ಟೆಯೊಳಗೆ ಇನ್ನೊಂದು, ಇಲ್ಲದ್ದನ್ನು ಇದೆ ಎಂದು ನಂಬಿಸಿ ಕೂರಿಸಿದ ಕಂಪ್ಯೂಟರ್. ಆಟ ಆಡುವುದು ಅದರಲ್ಲಿ. ಚಿತ್ರ ಬಿಡಿಸಲೆಂದು ಒಂದು ದೊಡ್ಡ ಗ್ರಾಫಿಕ್ಸ್ ಕಾರ್ಡು ಇರುತ್ತದಂತೆ. ಅದನ್ನು ಹೊರಗಿನದರ ಕೈಯಿಂದ ಬಿಡಿಸಿ ನೇರವಾಗಿ ಒಳಗಿನದಕ್ಕೇ ಕೊಟ್ಟಿದ್ದರು.

"ಎರಡು ಯಾಕೆ? ಇನ್ನೊಂದು ಪೆಟ್ಟಿಗೆ ತಗೊಳ್ಳೋಕಾಗಲ್ವಾ?"

"ಅದರಲ್ಲಿ ಮಜಾ ಏನಿದೆ ಅಕ್ಕ?"

ತೊಂದರೆ ಏನೆಂದರೆ ಆಟ ನಿಲ್ಲುತ್ತಿತ್ತು. ಟ್ರಕ್ಕು ಚೆನ್ನಾಗಿ ಹೋಗುತ್ತಿರುವುದು, ಇದ್ದಕ್ಕಿದ್ದ ಹಾಗೆ ಚಿತ್ರ ಕಲ್ಲಾಗುವುದು, ಎಂಜಿನ್ನಿನ ಸದ್ದು ಬಿಕ್ಕುವುದು, ಮತ್ತೆ ಓಡುವುದು. ಅಷ್ಟರಲ್ಲಿ ಟ್ರಕ್ಕು ಚರಂಡಿಯಲ್ಲಿ.

"ಅಕ್ಕ, ನೀವು ಇಲ್ಲಿ ಕೂತ್ಕೊಳ್ಳಿ. ನಿಂತಿತು ಅಂತ ನಾನು ಅಂದಾಗ, ನಿಮಗೂ ನಿಂತ ಹಾಗೆ ಕಂಡಿತಾ ಹೇಳಿ. ಅಷ್ಟೇ."

"ಅದಕ್ಕೆ ನಾನ್ಯಾಕೆ? ನಿಮ್ಮ ಕಣ್ಣಿಲ್ವಾ?"

ಅವರು ನನಗೊಂದು ಕುರ್ಚಿ ಎಳೆದಿಟ್ಟರು. ನಾನು ನೆನೆಸಿದ ಅವರೆಕಾಳಿನ ಪಾತ್ರೆ ತಂದು, ಹಿಸುಕುತ್ತಾ ಕೂತೆ.

"ನಿಂತಿತು."

"ನಿಂತಿತು" ಅಂದೆ ನಾನೂ.

ಅವರ ಭುಜ ಸ್ವಲ್ಪ ಇಳಿಯಿತು. ಕೆಟ್ಟ ಮಷೀನು ನೋಡಿ ನೆಮ್ಮದಿಪಟ್ಟವರನ್ನು ನಾನು ಅದೇ ಮೊದಲು ನೋಡಿದ್ದು.

ಆಮೇಲೆ ಶುರುವಾಯಿತು ರಿಪೇರಿ. ಪೆಟ್ಟಿಗೆ ಕರೆಂಟು ಉಳಿಸಲು ನಿದ್ದೆ ಹೋಗುತ್ತಿದೆಯೇನೋ ಎಂದು ಅದನ್ನು ಬದಲಾಯಿಸಿದರು. ಓಡಿಸಿದರು. ನಿಂತಿತು. ಬದಲಾಯಿಸಿದ್ದನ್ನು ಮತ್ತೆ ಮೊದಲಿನ ಹಾಗೆ ಇಟ್ಟರು. ಆಟವನ್ನು ಬೇರೆ ಡಿಸ್ಕಿಗೆ ಹಾಕಿದರು. ನಿಂತಿತು. ಪೆಟ್ಟಿಗೆ ಬಿಚ್ಚಿ ಕಾರ್ಡಿನ ಫ್ಯಾನಿನ ಧೂಳು ಒರೆಸಿದರು, ಮತ್ತೆ ಕೂರಿಸಿದರು. ಆಗಲೂ ನಿಂತಿತು. ಒಂದು ಸಲಕ್ಕೆ ಒಂದೇ. ನನಗೆ ತಲೆ ಕೆಟ್ಟುಹೋಯಿತು. ಮನೆಗೆ ಬಂದರೆ ಮೊಮ್ಮಗಳು "ಅಜ್ಜಿ, ಯು ಆರ್ ಗೇಮಿಂಗ್ ವಿತ್ ಅಂಕಲ್? ಸೋ ಕೂಲ್!" ಎಂದು ಕುಣಿದಳು. "ಅವರೆಕಾಳು ಹಿಸುಕ್ತಿದ್ದೆ ಕಣೆ, ನೋಡು" ಎಂದು ಪಾತ್ರೆ ತೋರಿಸಿದೆ.

ಅವರ ಹೆಂಡತಿಗೆ ಮಾತ್ರ ಕೋಪ. "ನೋಡಿ ಅಮ್ಮ, ಅಲ್ಲಿ ಮಗಳು ಹೊಟ್ಟೆ ಹಿಡ್ಕೊಂಡು ಕೂತಿದ್ದಾಳೆ, ಇಲ್ಲಿ ಅಪ್ಪ ಲಾರಿ ಓಡಿಸ್ತಾರೆ. ಕಾರಿಗೆ ಗಾಳಿ ಹಾಕಿಸಿ ಅಂದ್ರೆ ಅದು ಮಾತ್ರ ಆಗಲ್ಲ." ಸಾಹೇಬರು ತಲೆ ತಗ್ಗಿಸಿಕೊಂಡು ಚಹಾ ಕುಡಿದರು.

ಬುಧವಾರ ನಾನು ಕೇಳಿಯೇಬಿಟ್ಟೆ. "ಸಾಹೇಬ್ರೇ, ಇದು ಆಟ ಅಲ್ಲ. ಆಟಕ್ಕೆ ಯಾರೂ ಹೀಗೆ ಬೆವರಲ್ಲ. ಏನು ಹೇಳಿ."

ಸ್ಟಿಯರಿಂಗ್ ಹಿಡಿದುಕೊಂಡೇ, ನನ್ನ ಕಡೆ ತಿರುಗದೆ ಹೇಳಿದರು. ಕೆಲವು ವಾರದ ಹಿಂದೆ ಸಿಗ್ನಲ್ಲಿನಲ್ಲಿ ನಿಂತಿದ್ದರಂತೆ, ಕೆಂಪು ದೀಪ. ಮರುಗಳಿಗೆಯಲ್ಲೇ ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಿದ್ದಾರೆ, ಒಬ್ಬ ಇಳಿದು ಬಂದು ಗಾಜು ಬಡಿಯುತ್ತಿದ್ದಾನೆ. ದೀಪ ಹಸಿರಾಗಿ, ಕೆಂಪಾಗಿ, ಮತ್ತೆ ಹಸಿರಾಗಿತ್ತಂತೆ. ಇವರಿಗೆ ನಡುವಿನದು ಗೊತ್ತೇ ಇಲ್ಲ.

"ನಿದ್ದೆ ಬಂದಿರ್ಬೇಕು."

"ನಾನೂ ಹಾಗೇ ಅಂದ್ಕೊಂಡೆ. ನೋಡೋಣ ಅಂತ ಈ ಸ್ಟಿಯರಿಂಗ್ ತಂದೆ. ಇಲ್ಲಿ ಬಿದ್ರೆ ಯಾರೂ ಸಾಯಲ್ಲ. ಇಲ್ಲಿ ಓಡಿಸಿ ನೋಡಿದ್ರೆ ತಿಳಿಯುತ್ತೆ ಅಂತ. ಆದ್ರೆ ಇದೇ ನಿಂತು ನಿಂತು ಹೋಗ್ತಿದೆ ಅಕ್ಕ. ನಿಲ್ತಿರೋದು ಇದೋ, ನಾನೋ?"

ನನ್ನ ಕೈಯಲ್ಲಿದ್ದ ಅವರೆಕಾಳು ಸಿಪ್ಪೆಸಮೇತ ಪಾತ್ರೆಗೆ ಬಿತ್ತು. ಅಟ್ಲಾಂಟಾದ ದಾರಿ ನಾನು ನೋಡಿದ್ದೇನೆ. ಅಕ್ಕಪಕ್ಕದಲ್ಲಿ ಮನೆಯಷ್ಟು ದೊಡ್ಡ ಟ್ರಕ್ಕುಗಳು ಕಣ್ಣು ಮಿಟುಕಿಸುವುದರೊಳಗೆ ಹೋಗುತ್ತವೆ. ಹಿಂದಿನ ಸೀಟಿನಲ್ಲಿ ಕೂರುವವಳು ನಾನು.

"ಡಾಕ್ಟ್ರ ಹತ್ರ ಹೋಗಿ."

"ಹೋಗ್ತೀನಿ. ಹೆರಿಗೆ ಆಗ್ಲಿ. ಅವರು ಒಂದು ಹೆಸರು ಇಟ್ಟುಬಿಟ್ರೆ ಅವತ್ತೇ ಕೀ ಕಿತ್ಕೋತಾರೆ. ಆಮೇಲೆ ಈ ಊರಲ್ಲಿ ನಾನು ಯಾರು? ಕಿಟಕಿ ಹತ್ರ ಕೂರೋ ಮುದುಕ."

"ನಾನು ಕಿಟಕಿ ಹತ್ರಾನೇ ಕೂತಿರೋದು. ಸತ್ತಿಲ್ಲ."

ಸ್ಟಿಯರಿಂಗ್ ಬಿಟ್ಟು ನನ್ನ ಕಡೆ ತಿರುಗಿದರು. ಆಮೇಲೆ ಅವರೇ ಒಪ್ಪಂದ ಮಾಡಿದರು. ಮೊದಲು ಮಷೀನು ಸರಿಮಾಡುವುದು. ಅದು ಸರಿಹೋದ ಮೇಲೂ ಅವರು ನಿಂತಿತು ಎಂದು, ನಾನು ನಿಂತಿಲ್ಲ ಎಂದರೆ, ಕೀ ಹೆಂಡತಿಯ ಕೈಗೆ. ಮಾತು ಕೊಡಿ ಅಂದೆ. ಅಲ್ಲಾಹನ ಮೇಲೆ ಆಣೆ ಅಂದರು.

ಗುರುವಾರ ಮಧ್ಯಾಹ್ನ ಅವರು ಹಣೆ ಬಡಿದುಕೊಂಡು ನಗಲು ಶುರುಮಾಡಿದರು. ನಾನು ಬೆದರಿದೆ.

"ಅಕ್ಕ, ನಾನೆಂಥ ದಡ್ಡ ಅಂತೀನಿ! ಈ ಪೆಟ್ಟಿಗೇಲಿ ಒಂದಷ್ಟು ಕೆಲಸದಾಳು ಇದಾರೆ ಅಂದ್ಕೊಳ್ಳಿ. ನಾನು ಎಲ್ಲರನ್ನೂ ಒಳಗಿನದಕ್ಕೇ ಕೊಟ್ಟುಬಿಟ್ಟಿದ್ದೆ. ಆಟ ಚೆನ್ನಾಗಿ ಓಡ್ಲಿ ಅಂತ. ಆದ್ರೆ ಒಳಗಿನದಕ್ಕೆ ಡಿಸ್ಕಿಂದ ತಂದುಕೊಡೋದು, ಸದ್ದು ಆಚೆ ಕಳಿಸೋದು, ಎಲ್ಲಾ ಹೊರಗಿನದೇ ಮಾಡ್ಬೇಕು. ಅದಕ್ಕೆ ಒಬ್ಬನೂ ಇಲ್ಲ! ಅದು ಒಳಗಿನವನನ್ನ ಆಗಾಗ ಎಳ್ಕೊಂಡು ಬಂದು ಕೆಲಸ ಮಾಡಿಸ್ಕೋತಿತ್ತು. ಅವನು ಎದ್ದುಹೋದಾಗೆಲ್ಲ ಆಟ ನಿಲ್ತಿತ್ತು."

"ಅಂದ್ರೆ ಬಿರಿಯಾನಿ."

"ಏನು?"

"ಬಂದೋರಿಗೆಲ್ಲ ಸುರಿದುಬಿಟ್ಟು, ಬಡಿಸೋನಿಗೆ ಮೊಸರು ಬ್ರೆಡ್ಡು."

ಅವರು ಮೇಜು ಬಡಿದು ನಕ್ಕರು. ಕೆಲಸದಾಳುಗಳಲ್ಲಿ ಇಬ್ಬರನ್ನು ಹೊರಗಿನದಕ್ಕೆ ಬಿಟ್ಟು, ಉಳಿದವರು ಜಾಗ ಬಿಟ್ಟು ಕದಲದ ಹಾಗೆ ಕಟ್ಟಿಹಾಕಿದರು. ಟ್ರಕ್ಕು ಹೊರಟಿತು. ಎಣ್ಣೆ ಹಾಕಿದ ಹಾಗೆ ಹೋಯಿತು. ಸೇತುವೆ, ಊರು, ಮಳೆ, ಏನು ಬಂದರೂ ಒಂದು ಬಿಕ್ಕಳಿಕೆ ಇಲ್ಲ. ಅವರೂ ನಿಂತಿತು ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಸಾಯಂಕಾಲ ಹೆಂಡತಿ ಬರುವಷ್ಟರಲ್ಲಿ ಸಾಹೇಬರು ಕಾರಿಗೆ ಗಾಳಿಯೂ ಹಾಕಿಸಿ ಬಂದಿದ್ದರು. ಆ ಮನುಷ್ಯನ ಮುಖ ನೋಡಬೇಕಿತ್ತು. ಮದುಮಗನ ಹಾಗಿತ್ತು.

ಶುಕ್ರವಾರ ಮಸೀದಿಗೆ ಹೋಗಿ ಬಂದರು. "ಇನ್ನೊಂದು ಸಲ ನೋಡಿಬಿಡೋಣ ಅಕ್ಕ, ಆಮೇಲೆ ಬ್ಯಾಗು ಕಟ್ಟೋಣ." ನಾನು ಬಾಣಂತಿ ಲೇಹಕ್ಕೆ ಬೆಲ್ಲ ಕುಟ್ಟುತ್ತಿದ್ದವಳು ಕೈ ತೊಳೆದು ಹೋದೆ.

ಆಟದಲ್ಲಿ ಮಳೆ. ಬೆಟ್ಟದ ರಸ್ತೆ. ಗಾಜಿನ ಮೇಲೆ ವೈಪರ್ ಆಡುತ್ತಿತ್ತು. ಸಾಹೇಬರು ಅವರಪ್ಪನ ಕತೆ ಹೇಳುತ್ತಿದ್ದರು, ತಿರುವಿನಲ್ಲಿ ಆನೆ ಎದುರಾದದ್ದು. ಆನೆ ರಸ್ತೆಯ ನಡುವೆ ನಿಂತಿತ್ತು, ಅಪ್ಪ ಲೈಟು ಆರಿಸಿದರು ಎನ್ನುವಲ್ಲಿಗೆ ಮಾತು ನಿಂತಿತು. ಮುಂದೇನು ಎಂದು ನಾನು ತಿರುಗಿದೆ.

ಅವರ ಬಲಗೈ ಸ್ಟಿಯರಿಂಗಿನಿಂದ ಜಾರಿ ತೊಡೆಯ ಮೇಲೆ ಬಿದ್ದಿತ್ತು. ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು. ತುಟಿ ಏನನ್ನೋ ಚಪ್ಪರಿಸುತ್ತಿತ್ತು. ಕಣ್ಣು ತೆರೆದಿತ್ತು, ಆದರೆ ಆ ಕಣ್ಣಿನಲ್ಲಿ ಯಾರೂ ಇರಲಿಲ್ಲ.

ಅಭ್ಯಾಸಬಲ, ನಾನು ಬಾಯಿ ಮುಚ್ಚಿಕೊಂಡೆ. ಜಪ ಮಾಡುತ್ತಿದ್ದಾರೆ. ಆಮೇಲೆ ಬೆರಳು ನೋಡಿದೆ. ಸಾಹೇಬರು ಎಣಿಸುವಾಗ ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ದಾಟುತ್ತದೆ, ಒಂದು ಬೆರಳು ಮುಗಿಸಿ ಇನ್ನೊಂದಕ್ಕೆ ಹೋಗುತ್ತದೆ. ಇದು ದಾಟುತ್ತಿರಲಿಲ್ಲ. ಒಂದೇ ಕಡೆ ಉಜ್ಜುತ್ತಿತ್ತು, ಬಟ್ಟೆಯ ಕಲೆ ತೆಗೆಯುವವರ ಹಾಗೆ.

"ಸಾಹೇಬ್ರೇ."

ಇಲ್ಲ.

"ಸಾಹೇಬ್ರೇ!"

ಟ್ರಕ್ಕು ನೇರವಾಗಿ ಹೋಗಿ ಕಟ್ಟೆಗೆ ಗುದ್ದಿತು. ಎಂಜಿನ್ ಅರಚುತ್ತಿತ್ತು. ಮಳೆ ಸುರಿಯುತ್ತಿತ್ತು. ನಾನು ಎದ್ದೆ. ಭುಜ ಹಿಡಿದು ಅಲ್ಲಾಡಿಸಿದೆ, ಗೋಡೆ ಅಲ್ಲಾಡಿಸಿದ ಹಾಗಾಯಿತು. ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ ಅವರು ಒಮ್ಮೆ ನುಂಗಿದರು, ಕಣ್ಣಿಗೆ ಮನುಷ್ಯ ವಾಪಸು ಬಂದ. ಪರದೆ ನೋಡಿದರು. ನಿಧಾನವಾಗಿ, ನಾಲಿಗೆ ದಪ್ಪವಾದವರ ಹಾಗೆ ಮಾತು ಬಂತು.

"ನೋಡಿದ್ರಾ ಅಕ್ಕ. ಮತ್ತೆ ನಿಂತುಬಿಡ್ತು. ಎಲ್ಲಾ ಸರಿ ಮಾಡಿದ್ದೆ."

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಅವರ ಮುಖ ಅದನ್ನೇ ಕೇಳುತ್ತಿತ್ತು.

"ನಿಂತಿಲ್ಲ" ಅಂದೆ.

"ನಿಂತಿತು. ನೀವು ಪರದೆ ನೋಡ್ತಿರಲಿಲ್ಲ."

"ವೈಪರ್ ಆಡ್ತಾನೇ ಇತ್ತು. ಮಳೆ ಬೀಳ್ತಾನೇ ಇತ್ತು. ಎಂಜಿನ್ ಕೂಗ್ತಿತ್ತು. ನೀವು ಇರಲಿಲ್ಲ."

"ಸರಿಯಾಗಿ ನೋಡಿದ್ರಾ?"

"ಪೊರೆ ತೆಗೆಸಿದ್ದು ನೀವೇ. ಚೆನ್ನಾಗಿ ಕಾಣುತ್ತೆ."

ಅವರು ಪರದೆಯ ಕಡೆ ತಿರುಗಿದರು. ಪರದೆಯಲ್ಲಿ ವೈಪರ್ ಇನ್ನೂ ಆಡುತ್ತಿತ್ತು. ಅದನ್ನೇ ನೋಡುತ್ತಾ ಕೂತಿದ್ದರು.

"ಬೆರಳು?" ಎಂದು ಕೇಳಿದರು ಕೊನೆಗೆ.

"ಉಜ್ಜುತ್ತಾ ಇತ್ತು."

"ಮನೇಲೂ ಉಜ್ಜುತ್ತೀನಾ?"

"ಉಜ್ಜುತ್ತೀರಿ. ತಸ್ಬಿ ಎಣಿಸ್ತಾ ಜಪ ಮಾಡ್ತಿದ್ದೀರಿ ಅಂದ್ಕೊಂಡು ನಿಮ್ಮ ಹೆಂಡ್ತಿ ಟೀವಿ ಸದ್ದು ಕಡಿಮೆ ಮಾಡ್ತಾರೆ."

ಅವರು ತಮ್ಮ ಹೆಬ್ಬೆರಳನ್ನು ಎಡಗೈಯಿಂದ ಹಿಡಿದುಕೊಂಡರು, ಓಡಿಹೋಗುವ ಕೋಳಿಮರಿ ಹಿಡಿದ ಹಾಗೆ. ಆಮೇಲೆ ಕೆಳಗೆ ಗ್ಯಾರೇಜಿನ ಬಾಗಿಲು ಏಳುವ ಸದ್ದು. ಹೆಂಡತಿ ಬಂದರು.

"ಅಕ್ಕ, ನಾಳೆ ಒಂದು ದಿನ" ಅಂದರು ಸಾಹೇಬರು, ಬೇಗಬೇಗ. "ಅವಳು ಹೈವೇಲಿ ಓಡಿಸಲ್ಲ. ಮಗಳು ಕಾಯ್ತಿದ್ದಾಳೆ. ಅಟ್ಲಾಂಟಾ ತಲುಪಿಸಿಬಿಡ್ತೀನಿ, ಅಲ್ಲೇ ಡಾಕ್ಟ್ರಿಗೆ ತೋರಿಸ್ತೀನಿ. ಇವತ್ತು ಹೇಳ್ಬೇಡಿ."

"ಆಣೆ ಮಾಡಿದ್ರಿ."

"ಗೊತ್ತು. ಕೈ ಮುಗೀತೀನಿ."

ಮುಗಿದೇಬಿಟ್ಟರು. ಐದು ಹೊತ್ತು ನಮಾಜಿನ ಮನುಷ್ಯ, ಮಂಡ್ಯದ ಮುದುಕಿಯ ಮುಂದೆ. ಅಷ್ಟರಲ್ಲಿ ಅವರ ಹೆಂಡತಿ ಮೆಟ್ಟಿಲ ಮೇಲಿದ್ದರು. "ಮುಗೀತಾ ಲಾರಿ? ಅಮ್ಮ, ನಿಮ್ಮ ಬ್ಯಾಗು ಕೊಡಿ, ಈಗಲೇ ಕಾರಿಗೆ ಇಟ್ಟುಬಿಡ್ತೀವಿ." ನನ್ನ ಬಾಯಿ ತೆರೆಯಲಿಲ್ಲ. ಮನೆಗೆ ಬಂದೆ, ಬ್ಯಾಗು ಕೊಟ್ಟು ಕಳಿಸಿದೆ. ಮಗಳು ಯಾಕಮ್ಮ ಹೀಗಿದ್ದೀಯ ಅಂದಳು. ಬೆಲ್ಲ ಗಟ್ಟಿ ಇದೆ ಅಂದೆ. ಲೇಹ ತಳ ಹಿಡಿಯಿತು.

ಬೆಳಗ್ಗೆ ಹೊರಗೆ ಬಂದಾಗ ಅವರ ಕಾರು ಗ್ಯಾರೇಜಿನ ಮುಂದೆ ನಿಂತಿತ್ತು. ಬಾಗಿಲುಗಳೆಲ್ಲ ತೆರೆದಿದ್ದವು. ಹಿಂದಿನ ಸೀಟಿನಲ್ಲಿ ನನಗೆಂದು ಒಂದು ದಿಂಬು, ಶಾಲು. ಸಾಹೇಬರೇ ಇಟ್ಟಿದ್ದು, ನನ್ನ ಸೊಂಟ ಅವರಿಗೆ ಗೊತ್ತು. ನಾನು ನನ್ನ ಊರುಗೋಲನ್ನು ಆ ದಿಂಬಿನ ಮೇಲೆ ಇಟ್ಟು, ಮುಂದೆ ಹೋಗಿ, ಡ್ರೈವರ್ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡೆ. ಅವರ ಉದ್ದದ ಕಾಲಿಗೆ ಸರಿಮಾಡಿದ ಸೀಟು, ನನ್ನ ಪಾದ ಪೆಡಲ್‌ಗೆ ಎಟುಕಲಿಲ್ಲ. ಸ್ಟಿಯರಿಂಗು ಎಟುಕಿತು. ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಸಾಹೇಬರು ನೀರಿನ ಫ್ಲಾಸ್ಕು ಹಿಡಿದು ಬಂದರು. ನೋಡಿ ನಿಂತರು.

"ಅಕ್ಕ, ನಿಮ್ಮ ಜಾಗ ಹಿಂದೆ."

"ಗೊತ್ತು."

"ಇಳೀರಿ. ಹೊತ್ತಾಗುತ್ತೆ."

ನಾನು ಮುಂದಿನ ಗಾಜನ್ನೇ ನೋಡುತ್ತಾ ಕೂತೆ. ಅವರ ಹೆಂಡತಿ ಬಂದರು, ಮೊದಲು ನಕ್ಕರು. "ಏನಮ್ಮ, ನೀವು ಓಡಿಸ್ತೀರಾ?" ಆಮೇಲೆ ನನ್ನ ಮುಖ ನೋಡಿದರು, ಗಂಡನ ಮುಖ ನೋಡಿದರು, ನಗು ನಿಂತಿತು. "ಏನಾಯ್ತು?"

"ಸಾಹೇಬ್ರೇ" ಅಂದೆ, "ಒಂದು ಸಲಕ್ಕೆ ಒಂದೇ ಬದಲಾಯಿಸ್ಬೇಕು ಅಂತ ನೀವೇ ಹೇಳ್ಕೊಟ್ಟಿದ್ದು. ಮಷೀನ್ ಬದಲಾಯಿಸಿ ನೋಡಿದ್ದಾಯ್ತು. ಈಗ ಓಡಿಸೋರನ್ನ ಬದಲಾಯಿಸಿ."

ಅವರು ಫ್ಲಾಸ್ಕನ್ನು ಕಾರಿನ ಮೇಲಿಟ್ಟರು. ಜೇಬಿನಿಂದ ಕೀ ತೆಗೆದು ಅಂಗೈಯಲ್ಲಿ ಹಿಡಿದುಕೊಂಡು ನಿಂತರು. ನಾನು ಹೇಳಬಹುದಿತ್ತು, ಹೇಳಲಿಲ್ಲ. ಅವರ ಬಾಯಿಂದಲೇ ಬರಬೇಕಿತ್ತು. ಕೊನೆಗೆ ಅವರು ಹೆಂಡತಿಯ ಕಡೆ ತಿರುಗಿ, ಸಿಗ್ನಲ್ಲಿನ ಕೆಂಪು ದೀಪದಿಂದ ಶುರುಮಾಡಿದರು. ಎಲ್ಲ ಹೇಳಿ ಮುಗಿಸಿ, ಕೀ ಹೆಂಡತಿಯ ಕೈಗಿಡುವವರೆಗೆ ನಾನು ಸ್ಟಿಯರಿಂಗಿನಿಂದ ಕೈ ತೆಗೆಯಲಿಲ್ಲ.